ಯುದ್ಧದ ನಿರಾಶ್ರಿತ ಬಾಲಕ ಸಭಾಪಾಲಕನಾಗುವುದು ಹೇಗೆ?
ಶಿಬಿರದಲ್ಲಿ ಬೆಳೆದ ಹುಡುಗ ಪಾದ್ರಿಯಾಗುವುದು ಹೇಗೆ ಎಂದು ಕೇಳಿದ್ದೀರಿ. ದಕ್ಷಿಣ ಸುಡಾನಿನ ಉದಾಹರಣೆ ಸ್ಪಷ್ಟವಾಗಿದೆ. 1983ರಲ್ಲಿ ಆರಂಭವಾದ ಅಂತರ್ಯುದ್ಧದಲ್ಲಿ ತಂದೆತಾಯಿಯರಿಂದ ಅಗಲಿದ ಸುಮಾರು 20,000 ಹುಡುಗರು ಇಥಿಯೋಪಿಯಾದತ್ತ ನಡೆದುಹೋದರು; 1991ರಲ್ಲಿ ಅಲ್ಲಿನ ಸರ್ಕಾರ ಉರುಳಿದಾಗ ಮತ್ತೆ ಓಡಿ, ಅವರಲ್ಲಿ ಬದುಕುಳಿದ ಸಾವಿರಾರು ಮಂದಿ ಮರುವರ್ಷ ಕೀನ್ಯಾದ ಕಕುಮಾ ಶಿಬಿರ ಸೇರಿದರು. ಶಿಬಿರಗಳಲ್ಲಿ ಮರದ ನೆರಳೇ ದೇವಾಲಯವಾಗಿತ್ತು. ತಮ್ಮ ಜನಾಂಗದ ಡಿಂಕಾ ಭಾಷೆಯ ಕೀರ್ತನೆಗಳನ್ನು ಬಾಯಿಪಾಠ ಮಾಡಿದ ಅನೇಕರು ಅಲ್ಲಿಯೇ ದೀಕ್ಷಾಸ್ನಾನ ಪಡೆದರು. ಅನ್ನದ ಆಸೆಗೆ ಮತಾಂತರವೆಂಬ ನಮ್ಮ ಕಡೆಯ ಆಕ್ಷೇಪ ಇಲ್ಲಿ ಅಷ್ಟಾಗಿ ನಿಲ್ಲದು, ಏಕೆಂದರೆ ಶಿಬಿರದ ಪಡಿತರ ಮತ ನೋಡಿ ಹಂಚುವಂಥದ್ದಲ್ಲ. ಮುಂದಿನ ಕ್ರಮ, ಧಾರವಾಡದಲ್ಲಿ ಕೇಂದ್ರವುಳ್ಳ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಕರ್ನಾಟಕ ಉತ್ತರ ಸಭಾಪ್ರಾಂತದಲ್ಲಿರುವಂತೆಯೇ, ದೇವಜ್ಞಾನಶಾಸ್ತ್ರದ ಓದು, ಬಿಷಪ್ಪರಿಂದ ಮೊದಲು ಡೀಕನ್ (ಸಭಾಪಾಲಕನಿಗಿಂತ ಕೆಳಗಿನ ಸೇವಾಹುದ್ದೆ), ಆಮೇಲೆ ಸಭಾಪಾಲಕ ದೀಕ್ಷೆ.