ಹತ್ತರವರೆಗೆ ಕನ್ನಡ ಮಾಧ್ಯಮ, ಈಗ ಪಿಯು ಸೈನ್ಸ್‌ನಲ್ಲಿ ಏನೂ ಅರ್ಥವಾಗುತ್ತಿಲ್ಲ. ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಸೇರಲಾ, ಇಲ್ಲ ಆರ್ಟ್ಸ್‌ಗೆ ಹೋಗಲಾ?

"ಕ್ಲಾಸಲ್ಲಿ ಎಲ್ಲರೂ ತಲೆ ಆಡಿಸುತ್ತಾರೆ, ನಾನೂ ಆಡಿಸುತ್ತೇನೆ" ಅಂತ ಬರೆದಿದ್ದೀರಲ್ಲ, ಆ ಸಾಲು ಓದಿ ಸ್ವಲ್ಪ ಹೊತ್ತು ಹಾಗೇ ಕೂತುಬಿಟ್ಟೆ. ನಾನೂ ಹೀಗೇ ತಲೆ ಆಡಿಸುತ್ತಾ ಒಂದು ಇಡೀ ವರ್ಷ ಕಳೆದುಕೊಂಡವನು.

2005ರಲ್ಲಿ ನನ್ನ ಎಸ್ಸೆಸ್ಸೆಲ್ಸಿ ಆಯಿತು. ಒಂದರಿಂದ ಹತ್ತರವರೆಗೂ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. 625ಕ್ಕೆ 548 ಬಂದಿತ್ತು, ವಿಜ್ಞಾನದಲ್ಲಿ 94. ವಿಜ್ಞಾನದ ಮೇಷ್ಟ್ರು ಮನೆಗೇ ಬಂದು ಅಪ್ಪನ ಹತ್ತಿರ "ಇವನನ್ನ ಸೈನ್ಸಿಗೇ ಸೇರಿಸಿ" ಅಂತ ಹೇಳಿ ಹೋದರು. ಸೇರಿದೆ. ಮೊದಲ ದಿನದ ಫಿಸಿಕ್ಸ್ ಕ್ಲಾಸಿನಲ್ಲಿ ಹಾಜರಿ ಕರೆದದ್ದು ಬಿಟ್ಟರೆ ಬೇರೇನೂ ತಲೆಗೆ ಹೋಗಲಿಲ್ಲ.

ಲೆಕ್ಚರರ್ ಹೇಳುತ್ತಿದ್ದ ಪದಗಳನ್ನು ಕಿವಿಗೆ ಬಿದ್ದ ಹಾಗೆ ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳುತ್ತಿದ್ದೆ. 'ಡಿಸ್‌ಪ್ಲೇಸ್‌ಮೆಂಟ್', 'ಆಕ್ಸಿಲರೇಷನ್'. ಮನೆಗೆ ಬಂದು ಡಿಕ್ಷನರಿ ತೆಗೆದರೆ ಸ್ಪೆಲ್ಲಿಂಗ್ ಗೊತ್ತಿಲ್ಲ. ಸ್ಪೆಲ್ಲಿಂಗ್ ಗೊತ್ತಿಲ್ಲದೆ ಡಿಕ್ಷನರಿಯಲ್ಲಿ ಹುಡುಕುವುದು ಹೇಗೆ? ಒಂದು ದಿನ ಪಕ್ಕದವನು ನನ್ನ ನೋಟ್ಸ್ ನೋಡಿ ನಕ್ಕ. ಕೆಟ್ಟ ಹುಡುಗನೇನಲ್ಲ. ಸುಮ್ನೆ ನಕ್ಕ ಅಷ್ಟೆ.

ಅವತ್ತು ರಾತ್ರಿ ನಾನು ಮಾಡಿದ ತಪ್ಪನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನೀವೂ ಅದನ್ನೇ ಮಾಡುವ ಹಾದಿಯಲ್ಲಿದ್ದೀರಿ ಅನ್ನಿಸುತ್ತಿದೆ.

ಎಂಟು, ಒಂಬತ್ತು, ಹತ್ತನೇ ತರಗತಿಯ ಕನ್ನಡ ಪುಸ್ತಕಗಳನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಅಟ್ಟಕ್ಕೆ ಹಾಕಿದೆ. ಇನ್ನು ಮೇಲೆ ಕನ್ನಡದಲ್ಲಿ ಓದಲೂಬಾರದು, ಯೋಚಿಸಲೂಬಾರದು ಅಂತ ನಿರ್ಧಾರ ಮಾಡಿದೆ. ಗೈಡ್ ತಂದೆ. ಒಂದೊಂದು ಉತ್ತರವನ್ನೂ ಶುರುವಿಂದ ಕೊನೆವರೆಗೆ ಉರು ಹೊಡೆದೆ. ಬೆಳಗ್ಗೆ ನಾಲ್ಕಕ್ಕೇ ಎದ್ದು ಕೂರುತ್ತಿದ್ದೆ. ನಾನು ಸೋಮಾರಿತನದಿಂದ ಫೇಲ್ ಆದವನಲ್ಲ, ಇದು ನಿಮಗೆ ಗೊತ್ತಿರಲಿ.

ಆ ಚೀಲ ಅಟ್ಟಕ್ಕೆ ಹೋದಾಗ ಅದರ ಜೊತೆ ಏನೇನು ಹೋಯಿತು ನೋಡಿ. ಜವ ಬೇರೆ, ವೇಗ ಬೇರೆ ಅನ್ನುವುದು ನನಗೆ ಗೊತ್ತಿತ್ತು. ಜಡತ್ವ ಗೊತ್ತಿತ್ತು. ವಕ್ರೀಭವನ, ಉತ್ಕರ್ಷಣ, ವರ್ಗ ಸಮೀಕರಣ, ತ್ರಿಕೋನಮಿತಿ ಎಲ್ಲವೂ ಗೊತ್ತಿತ್ತು. ಮೊದಲ ಪಿಯು ಫಿಸಿಕ್ಸ್‌ನ ಆರಂಭದ ಪಾಠಗಳ ಬುನಾದಿ ನನ್ನ ತಲೆಯಲ್ಲಿ ಆಗಲೇ ಇತ್ತು. ಅದನ್ನೆಲ್ಲ ಇಲ್ಲ ಅಂದುಕೊಂಡು, ಸ್ಪೀಡ್, ವೆಲಾಸಿಟಿ, ಇನರ್ಷಿಯಾ ಅನ್ನುವ ಪದಗಳನ್ನು ಹಿಂದೆಂದೂ ಕೇಳದ ವಿಷಯಗಳ ಹಾಗೆ ಮೊದಲಿಂದ ಬಾಯಿಪಾಠ ಮಾಡಲು ಕೂತೆ. ಅರ್ಥ ಒಂದು ಕಡೆ, ಶಬ್ದ ಇನ್ನೊಂದು ಕಡೆ. ಎರಡನ್ನೂ ಸೇರಿಸುವ ಕೆಲಸ ಒಂದೇ ಬಾಕಿ ಇತ್ತು. ನಾನು ಅರ್ಥವನ್ನೇ ಕಟ್ಟಿ ಮೇಲಿಟ್ಟೆ.

ವಾರ್ಷಿಕ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂತು: ಲೀನಿಯರ್ ಮೊಮೆಂಟಮ್ ಸಂರಕ್ಷಣೆಯ ನಿಯಮವನ್ನು 'ಸ್ಟೇಟ್' ಮಾಡಿ, ಗನ್ 'ರಿಕಾಯ್ಲ್' ಆಗುವುದನ್ನು ವಿವರಿಸಿ. ಸ್ಟೇಟ್ ಅಂದರೆ ರಾಜ್ಯ ಅಂತಷ್ಟೇ ನನಗೆ ಗೊತ್ತಿದ್ದದ್ದು. ರಿಕಾಯ್ಲ್ ಅನ್ನುವ ಪದವನ್ನು ಗೈಡಿನಲ್ಲಿ ನೋಡಿದ ನೆನಪಿತ್ತು, ಆದರೆ ಉರು ಹೊಡೆದ ಉತ್ತರದ ಮೊದಲ ಸಾಲು ಹೊಳೆಯಲಿಲ್ಲ. ಮೊದಲ ಸಾಲು ಹೋದರೆ ಮುಗಿಯಿತು, ಅದರ ಹಿಂದೆ ಎಲ್ಲವೂ ಹೋಗುತ್ತದೆ. ಆ ಜಾಗ ಖಾಲಿ ಬಿಟ್ಟು ಬಂದೆ.

ಗುಂಡು ಹಾರಿಸಿದಾಗ ಬಂದೂಕು ಯಾಕೆ ಹಿಂದಕ್ಕೆ ಒದೆಯುತ್ತದೆ? ಇದನ್ನು ಒಂಬತ್ತನೇ ತರಗತಿಯಲ್ಲಿ ನಾನೇ ಬೋರ್ಡಿನ ಮೇಲೆ ಮಾಡಿ ತೋರಿಸಿದ್ದೆ. ಬಂದೂಕು 4 ಕಿಲೋ, ಗುಂಡು 20 ಗ್ರಾಂ, ಗುಂಡಿನ ವೇಗ ಸೆಕೆಂಡಿಗೆ 200 ಮೀಟರ್. ಮೊದಲು ಎರಡೂ ಸುಮ್ಮನಿದ್ದವು, ಒಟ್ಟು ಸಂವೇಗ ಸೊನ್ನೆ. ಆಮೇಲೂ ಸೊನ್ನೆಯೇ ಇರಬೇಕು. ಗುಂಡಿನ ಸಂವೇಗ 0.02 ಸಲ 200, ಅಂದರೆ 4. ಹಾಗಾದರೆ ಬಂದೂಕು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹಿಂದಕ್ಕೆ ಬರಬೇಕು. ಮೇಷ್ಟ್ರು ಬೆನ್ನು ತಟ್ಟಿದ್ದರು. ಆ ಸಂವೇಗವೇ ಈ ಮೊಮೆಂಟಮ್ ಅಂತ ನನಗೆ ಪರೀಕ್ಷಾ ಹಾಲ್‌ನಲ್ಲಿ ಹೊಳೆಯಲಿಲ್ಲ. ಫಿಸಿಕ್ಸ್, ಮ್ಯಾಥ್ಸ್ ಎರಡರಲ್ಲೂ ಫೇಲಾದೆ. ಜೊತೆಯವರು ಸೆಕೆಂಡ್ ಪಿಯುಗೆ ಹೋದರು, ನಾನು ಅದೇ ಕ್ಲಾಸಿನಲ್ಲಿ ಮತ್ತೆ ಕೂತೆ.

ಚೀಲ ಇಳಿಸಿದ್ದು ಅಮ್ಮ. ರದ್ದಿಯವನಿಗೆ ಹಾಕೋಣ ಅಂತ ತೆಗೆದಿದ್ದರು. ಒಂಬತ್ತನೇ ತರಗತಿ ಪುಸ್ತಕ ಕೈಗೆ ಸಿಕ್ಕಿತು, ಸುಮ್ನೆ ತಿರುಗಿಸಿದೆ. ಬಂದೂಕಿನ ಪಾಠ ಬಂತು. ಅವತ್ತು ಸಂಜೆಯೇ ಒಂದು ನೋಟ್‌ಬುಕ್ಕಿನ ಹಾಳೆಯ ನಡುವೆ ಗೆರೆ ಎಳೆದೆ. ಎಡಕ್ಕೆ ಸಂವೇಗ, ಬಲಕ್ಕೆ ಮೊಮೆಂಟಮ್. ಕೆಳಗೆ ಬಲ, ಫೋರ್ಸ್. ಅದರ ಕೆಳಗೆ ವೇಗೋತ್ಕರ್ಷ, ಆಕ್ಸಿಲರೇಷನ್. ಬಲಗಡೆಯದನ್ನು ಇಂಗ್ಲಿಷ್ ಅಕ್ಷರದಲ್ಲಿ, ಸ್ಪೆಲ್ಲಿಂಗ್ ನೋಡಿಕೊಂಡು, ಮೂರು ಸಲ ಬರೆದೆ. ಮೂರು ತಿಂಗಳಲ್ಲಿ ಆ ನೋಟ್‌ಬುಕ್ ತುಂಬಿತು. ಆ ವರ್ಷ ಪಾಸಾದೆ, ಸೆಕೆಂಡ್ ಪಿಯು ಫಿಸಿಕ್ಸ್‌ನಲ್ಲಿ 81 ಬಂತು. ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ.

ಇನ್ನು ನಿಮ್ಮ ಪ್ರಶ್ನೆ. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಈಗ ದುಡ್ಡು ಸುರಿಯಬೇಡಿ. ಅಲ್ಲಿ ಕಲಿಸುವುದು ಪರಿಚಯ ಹೇಳಿಕೊಳ್ಳುವುದು, ಫೋನಿನಲ್ಲಿ ಮಾತಾಡುವುದು. ನಿಮಗೆ ಬೇಕಾಗಿರುವುದು ಅದಲ್ಲ. ಜಿಮ್ ಕಮಿನ್ಸ್ ಅಂತ ಕೆನಡಾದ ಒಬ್ಬ ಸಂಶೋಧಕರಿದ್ದಾರೆ. 1979ರಲ್ಲೇ ಅವರು ಮಾತಿನ ಭಾಷೆ ಬೇರೆ, ಪಾಠದ ಭಾಷೆ ಬೇರೆ ಅಂತ ವಿಂಗಡಿಸಿ ತೋರಿಸಿದರು. ಎರಡನೇ ಭಾಷೆಯಲ್ಲಿ ಮಾತು ಬರಲು ಸುಮಾರು ಎರಡು ವರ್ಷ ಸಾಕು, ಪಾಠದ ಭಾಷೆ ಕೈಗೆ ಹತ್ತಲು ಐದರಿಂದ ಏಳು ವರ್ಷ ಬೇಕು ಅಂತ ಅವರ ಲೆಕ್ಕ. ಮೊದಲ ಭಾಷೆಯಲ್ಲಿ ಅರ್ಥವಾಗಿದ್ದು ಎರಡನೆಯದಕ್ಕೂ ದಾಟಿ ಬರುತ್ತದೆ ಅಂತಲೂ ಅವರು ಹೇಳಿದ್ದಾರೆ. ಬಿ.ಎಡ್. ಮಾಡುವಾಗ ಇದನ್ನು ಓದಿದೆ. ಅಟ್ಟದ ಮೇಲಿನ ಚೀಲವೇ ಕಣ್ಣ ಮುಂದೆ ಬಂತು.

"ನನ್ನ ಇಂಗ್ಲಿಷ್ ವೀಕ್, ಅದಕ್ಕೇ ಸೈನ್ಸ್ ಬರ್ತಿಲ್ಲ" ಅಂತ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಹತ್ತನೇ ತರಗತಿ ವಿಜ್ಞಾನದಲ್ಲಿ 90 ತೆಗೆದವರಿಗೆ ಸೈನ್ಸ್ ಬರುತ್ತದೆ. ಹೆಸರುಗಳು ಬದಲಾಗಿವೆ, ಅಷ್ಟೇ.

ನಿಮಗೆ ನನಗಿಂತ ಜಾಸ್ತಿ ಅನುಕೂಲವಿದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಒಂಬತ್ತು, ಹತ್ತನೇ ತರಗತಿಯ ವಿಜ್ಞಾನ, ಗಣಿತ ಪುಸ್ತಕಗಳ ಪಿಡಿಎಫ್ ಕನ್ನಡ, ಇಂಗ್ಲಿಷ್ ಎರಡರಲ್ಲೂ ಉಚಿತವಾಗಿ ಸಿಗುತ್ತವೆ. ಒಂದೇ ಪಾಠವನ್ನು ಎರಡರಲ್ಲೂ ತೆರೆದಿಟ್ಟುಕೊಳ್ಳಿ. ಕನ್ನಡದ ಪ್ಯಾರಾ ಓದಿ, ಆಮೇಲೆ ಅದೇ ಪ್ಯಾರಾ ಇಂಗ್ಲಿಷಿನಲ್ಲಿ. ಪಿಯು ಪುಸ್ತಕ ಆಮೇಲೆ ಮುಟ್ಟಿ. ದಿನಕ್ಕೆ ಹತ್ತು ಪದ ಸಾಕು.

ವಿಜ್ಞಾನದ ಪದಗಳ ಜೊತೆ ಸಣ್ಣ ಪದಗಳನ್ನೂ ಹಿಡಿಯಿರಿ. ನಮ್ಮಂಥವರು ಜಾಸ್ತಿ ಎಡವುವುದು ಅಲ್ಲೇ. ಸ್ಟೇಟ್ ಅಂದರೆ ನಿಯಮವನ್ನು ಹೇಳು. ಡಿರೈವ್ ಅಂದರೆ ಹಂತ ಹಂತವಾಗಿ ಸೂತ್ರ ಪಡೆ. ಡಿಸ್ಟಿಂಗ್ವಿಷ್ ಅಂದರೆ ವ್ಯತ್ಯಾಸ ಬರೆ. ಹೆನ್ಸ್ (ಆದ್ದರಿಂದ), ರೆಸ್ಪೆಕ್ಟಿವ್ಲಿ (ಕ್ರಮವಾಗಿ), ಅನ್‌ಲೆಸ್ (ಹೊರತು) ಇವೆಲ್ಲ ಪಟ್ಟಿಯಲ್ಲಿರಲಿ. ನ್ಯೂಟನ್ನನ ಮೊದಲ ನಿಯಮದ ಜೀವ ಇರುವುದೇ ಆ 'ಅನ್‌ಲೆಸ್'ನಲ್ಲಿ, ಹೊರಗಿನ ಬಲ ಬೀಳದ ಹೊರತು ಅನ್ನುವಲ್ಲಿ. ಅದೊಂದು ಪದ ಜಾರಿದರೆ ನಿಯಮವೇ ಜಾರುತ್ತದೆ.

ಆರ್ಟ್ಸ್ ವಿಷಯ. ಇತಿಹಾಸ ಇಷ್ಟ, ಸಮಾಜಶಾಸ್ತ್ರ ಇಷ್ಟ ಅನ್ನುವುದಾದರೆ ನಾಳೆಯೇ ಹೋಗಿ. ಇಂಗ್ಲಿಷಿಗೆ ಹೆದರಿ ಹೋಗಬೇಡಿ.

ಇನ್ನೊಂದು ಮಾತು, ಇದನ್ನು ಕಾಲೇಜಿನಲ್ಲಿ ಎಷ್ಟೋ ಸಲ ಯಾರೂ ಹೇಳುವುದಿಲ್ಲ. ಮೆಡಿಕಲ್ ಸೀಟಿಗಾಗಿ ಬರೆಯುವ ನೀಟ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಕನ್ನಡ ಆರಿಸಿಕೊಂಡವರ ಪ್ರಶ್ನೆಪತ್ರಿಕೆಯಲ್ಲಿ ಪಕ್ಕದಲ್ಲೇ ಇಂಗ್ಲಿಷೂ ಇರುತ್ತದೆ. ನಿಮ್ಮ ಎರಡು ಕಾಲಂನ ನೋಟ್‌ಬುಕ್ ಅಲ್ಲೂ ಕೈ ಹಿಡಿಯುತ್ತದೆ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ (ರಾಜ್ಯದ ಪ್ರವೇಶ ಪರೀಕ್ಷೆ) ಸೀಟುಗಳಲ್ಲಿ 5% ಮೀಸಲಾತಿಯೂ ಇದೆ. ಅದಕ್ಕೆ ಶಾಲೆಯಿಂದ ಪ್ರಮಾಣಪತ್ರ ಬೇಕು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು. ರಜೆಯಲ್ಲಿ ಊರಿಗೆ ಹೋದಾಗಲೇ ಮಾಡಿಸಿಟ್ಟುಕೊಳ್ಳಿ.

ಈಗ ಕ್ಲಾಸಿನಲ್ಲಿ ಯಾವ ಪಾಠ ನಡೆಯುತ್ತಿದೆ ಅಂತ ಕೆಳಗೆ ಬರೆಯಿರಿ. ಫಿಸಿಕ್ಸ್ ಆದರೆ ಆ ಪಾಠದ ಪದಗಳನ್ನು ಎರಡು ಕಾಲಂನಲ್ಲಿ ನಾನೇ ಬರೆದು ಹಾಕುತ್ತೇನೆ. ಹಳೇ ನೋಟ್‌ಬುಕ್ ಇನ್ನೂ ನನ್ನ ಹತ್ತಿರವೇ ಇದೆ.