ದಾಖಲೆಯ ಅಂಚಿನಲ್ಲಿ ಉಳಿದವರ ಚರಿತ್ರೆ

ಪ್ರಶ್ನೆ: ವಸಾಹತು ಕಾಲದ ರೈತರು, ಆದಿವಾಸಿಗಳು, ಕೆಳಜಾತಿಯ ಹೆಂಗಸರು ತಮ್ಮ ಬಗ್ಗೆ ತಾವೇ ಬರೆದಿಟ್ಟದ್ದು ತೀರ ಕಡಿಮೆ. ಉಳಿದಿರುವುದು ಹೆಚ್ಚಾಗಿ ಪೊಲೀಸರ ವರದಿ, ನ್ಯಾಯಾಲಯದ ಕಡತ. ಅವುಗಳಿಂದ ಕಟ್ಟುವ ಸಬಾಲ್ಟರ್ನ್ ಚರಿತ್ರೆ, ಅಂದರೆ ಅಧಿಕಾರವಿಲ್ಲದ ಕೆಳಸ್ತರದವರ ಚರಿತ್ರೆ, ಕೊನೆಗೂ ಊಹೆಯೇ ಅಲ್ಲವೇ?

ಉತ್ತರ: ಊಹೆಯ ಪಾಲು ಅದರಲ್ಲಿದೆ, ಆದರೆ ಅದು ದಾಖಲೆಗೆ ಕಟ್ಟುಬಿದ್ದ ಊಹೆ. ಚರಿತ್ರೆಕಾರ ರಣಜಿತ್ ಗುಹಾ ಅವರ ಸಂಪಾದಕತ್ವದಲ್ಲಿ 1982ರಲ್ಲಿ ‘ಸಬಾಲ್ಟರ್ನ್ ಅಧ್ಯಯನಗಳು’ ಎಂಬ ಪ್ರಬಂಧ ಮಾಲಿಕೆಯ ಮೊದಲ ಸಂಪುಟ ಬಂದಾಗ, ಆ ಬಳಗದ ತಕರಾರು ಬ್ರಿಟಿಷ್ ಅಧಿಕಾರಿಗಳ ಬರಹದ ಮೇಲಷ್ಟೇ ಇರಲಿಲ್ಲ. ರಾಷ್ಟ್ರೀಯ ಹೋರಾಟವನ್ನು ಮುಖಂಡರ ಸಾಧನೆಯಾಗಿ ಬರೆದ ನಮ್ಮ ಚರಿತ್ರೆಕಾರರ ಮೇಲೂ ಇತ್ತು. ದಂಗೆಯನ್ನು ಅಡಗಿಸಲೆಂದು ಬರೆದ ವರದಿಯಲ್ಲಿಯೂ ದಂಗೆ ಎದ್ದವರ ಮನಸ್ಸಿನ ಗುರುತು ಉಳಿದಿರುತ್ತದೆ, ಏಕೆಂದರೆ ಎದುರಾಳಿಯ ಉದ್ದೇಶವನ್ನು ತಿಳಿಯದೆ ಅವನನ್ನು ಹತ್ತಿಕ್ಕಲು ಆಗುವುದಿಲ್ಲ ಎಂಬುದು ಗುಹಾ ಅವರ ವಾದ. ಅಧಿಕಾರಿ ‘ಬದ್ಮಾಷರು’ ಎಂದು ಬರೆದ ಕಡೆ ಗುಹಾ ಹೋರಾಟಕ್ಕಿಳಿದ ರೈತರನ್ನು ಕಂಡರು. ‘ಸಾಂಕ್ರಾಮಿಕ’ ಎಂದ ಕಡೆ ಹಳ್ಳಿಯಿಂದ ಹಳ್ಳಿಗೆ ಹಬ್ಬಿದ ಒಗ್ಗಟ್ಟನ್ನು ಕಂಡರು. 1855ರ ಸಂತಾಲ ಆದಿವಾಸಿಗಳ ದಂಗೆಯಲ್ಲಿ ಅದರ ಮುಖಂಡರಾದ ಸಿದೋ ಮತ್ತು ಕಾನ್ಹು ತಮ್ಮ ದೇವರಾದ ಠಾಕೂರನ ಆಜ್ಞೆಯಂತೆ ಎದ್ದಿದ್ದೇವೆ ಎಂದಿದ್ದರು. ಅಧಿಕಾರಿಗಳಿಗೆ ಇದು ಮತಾಂಧತೆಯಾಗಿ ಕಂಡಿತು. ಬಂಡಾಯದ ಬಗ್ಗೆ ಸಹಾನುಭೂತಿಯಿದ್ದ ನಂತರದ ಲೇಖಕರು ಸಾಹುಕಾರರ, ಜಮೀನ್ದಾರರ ಶೋಷಣೆಗೆ ಒತ್ತು ಕೊಟ್ಟು ಈ ಮಾತನ್ನು ಬದಿಗೆ ಸರಿಸಿದರು. ಆ ನಂಬಿಕೆಯೇ ಬಂಡಾಯದ ಪ್ರಜ್ಞೆಯಾಗಿತ್ತು ಎಂದು ಒಪ್ಪದಿದ್ದರೆ ಸಂತಾಲರನ್ನು ಅವರ ಚರಿತ್ರೆಯಿಂದಲೇ ಹೊರಗಿಟ್ಟಂತಾಗುತ್ತದೆ ಎಂಬ ಗುಹಾ ಅವರ ನಿಲುವು ನನಗೆ ಇಂದಿಗೂ ಸರಿಯೆನಿಸುತ್ತದೆ.

ಈ ಓದಿನ ಅತ್ಯಂತ ಮನಕಲಕುವ ಉದಾಹರಣೆ 1849ರ ಬಂಗಾಳದ ಚಂದ್ರಾಳ ಪ್ರಕರಣ. ಬಾಗ್ದಿ ಜಾತಿಯ ಈ ಹೆಣ್ಣು ಗರ್ಭಪಾತದ ಔಷಧಿಯಿಂದ ಸತ್ತಳು. ಔಷಧಿ ಕೊಟ್ಟ ಅಕ್ಕತಂಗಿಯ ಹೇಳಿಕೆ ಕಾನೂನಿನ ಕಣ್ಣಿಗೆ ಅಪರಾಧದ ತಪ್ಪೊಪ್ಪಿಗೆ. ಆದರೆ ಚಂದ್ರಾಳ ಸಂಗಾತಿ ಗರ್ಭ ತೆಗೆಸಬೇಕು, ಇಲ್ಲವಾದರೆ ಆಕೆಗೆ ಭೇಕ್ (ವೈಷ್ಣವ ಬೈರಾಗಿಗಳ ವೇಷ) ಕೊಡಿಸಿ ಸಮುದಾಯದಿಂದ ಹೊರಗಟ್ಟುತ್ತೇನೆ ಎಂದಿದ್ದ ಎಂಬುದನ್ನು ಹಿಡಿದು ಓದಿದರೆ, ಅದೇ ಹೇಳಿಕೆಯಲ್ಲಿ ಒಬ್ಬಳನ್ನು ಉಳಿಸಿಕೊಳ್ಳಲು ಸೇರಿದ ಹೆಂಗಸರ ಆತಂಕ ಕೇಳಿಸುತ್ತದೆ. ಇದೇ ಬಳಗದ ಚರಿತ್ರೆಕಾರ ಶಾಹಿದ್ ಅಮೀನ್ ಅವರು, ಜನ ಪೊಲೀಸ್ ಠಾಣೆಗೆ ಬೆಂಕಿ ಹಚ್ಚಿದ 1922ರ ಚೌರಿಚೌರಾ ಘಟನೆಯನ್ನು ಅಧ್ಯಯನ ಮಾಡುವಾಗ ಕಡತಗಳ ಜೊತೆಗೆ ಆ ಊರಿನ ಕುಟುಂಬಗಳ ನೆನಪನ್ನೂ ಕೇಳಿದರು.

ಆದರೂ ನಿಮ್ಮ ಅನುಮಾನ ಹುರುಳಿಲ್ಲದ್ದಲ್ಲ. ಮಾತು ದಕ್ಕದವರ ಪರವಾಗಿ ವಿದ್ವಾಂಸರು ಆಡುವ ಮಾತು ಆ ವಿದ್ವಾಂಸರದೇ ಧ್ವನಿಯಾಗಿಬಿಡುವ ಅಪಾಯವನ್ನು ಚಿಂತಕಿ ಗಾಯತ್ರಿ ಚಕ್ರವರ್ತಿ ಸ್ಪಿವಾಕ್ 1988ರಲ್ಲಿಯೇ ಎತ್ತಿ ತೋರಿಸಿದ್ದರು. ನನ್ನ ದೊಡ್ಡ ಆಕ್ಷೇಪ ಬೇರೆ: ರೈತನ ಬಂಡಾಯಕ್ಕೆ ಇಷ್ಟು ಸೂಕ್ಷ್ಮವಾಗಿ ಕಿವಿಗೊಟ್ಟ ಈ ಬಳಗದಲ್ಲಿ ಜಾತಿಯ ಪ್ರಶ್ನೆಗೆ, ಅದರಲ್ಲೂ ದಲಿತ ಚಿಂತನೆಗೆ, ಮೊದಲ ದಶಕದಲ್ಲಿ ಸಿಕ್ಕ ಜಾಗ ತೀರ ಕಿರಿದು. ಅಸ್ಪೃಶ್ಯತೆಯ ಮೂಲವನ್ನು ಕುರಿತ 1948ರ ಗ್ರಂಥದ ಮುನ್ನುಡಿಯಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ನೀವು ಕೇಳಿದ ಪ್ರಶ್ನೆಯನ್ನೇ ಎದುರಿಸಿದ್ದರು. ಪುರಾವೆಯ ಕೊಂಡಿ ಕಳಚಿದ ಕಡೆ ಚರಿತ್ರೆಕಾರನು ಕಲ್ಪನೆಯಿಂದ, ಅಂತರ್ದೃಷ್ಟಿಯಿಂದ ಅದನ್ನು ಜೋಡಿಸುವುದು ನ್ಯಾಯವೇ ಎಂದು ಅವರು ವಾದಿಸಿದ್ದು ಸಬಾಲ್ಟರ್ನ್ ಅಧ್ಯಯನಗಳ ಮೊದಲ ಸಂಪುಟಕ್ಕಿಂತ 34 ವರ್ಷ ಹಿಂದೆ.