ಸೆಲ್ಫ್ ಮೋಟರ್ ಬಿಚ್ಚುವ ಮೊದಲು ಮೀಟರ್ ಹಿಡಿಯಿರಿ

ಪ್ರಶ್ನೆ: ನನ್ನ ಬಳಿ 1960ರ ದಶಕದ ಪೆಟ್ರೋಲ್ ಕಾರಿದೆ, 12 ವೋಲ್ಟಿನದು. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ ಮತ್ತೆ ಕೀ ತಿರುಗಿಸಿದರೆ ಬರೀ 'ಟಕ್' ಅನ್ನುತ್ತದೆ, ಇಲ್ಲವೇ ಇಂಜಿನ್ ತುಂಬಾ ನಿಧಾನವಾಗಿ ತಿರುಗುತ್ತದೆ. ಹೊಸ ಬ್ಯಾಟರಿ ಹಾಕಿಸಿದರೂ ಹಾಗೇ ಇದೆ. ಸೆಲ್ಫ್ ಮೋಟರ್ ಬದಲಾಯಿಸಲೇಬೇಕಾ?

ಉತ್ತರ: ಈಗಲೇ ಬೇಡ. ಹಳೇ ಕಾರುಗಳಲ್ಲಿ ಮೋಟರಿಗಿಂತ ಅದಕ್ಕೆ ಕರೆಂಟ್ ತಲುಪುವ ದಾರಿಯೇ ಜಾಸ್ತಿ ಸಲ ಕೆಟ್ಟಿರುತ್ತದೆ. ಚೆನ್ನಾಗಿರುವ ಮೋಟರನ್ನು ಬಿಚ್ಚಿ ಎಸೆಯುವುದು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅಂಥ ಮೂಲ ಭಾಗ ಮತ್ತೆ ಸುಲಭವಾಗಿ ಸಿಗುವುದಿಲ್ಲ.

ಬಿಸಿಯಾದಾಗ ಮಾತ್ರ ಯಾಕೆ ಹೀಗೆ? ತಾಮ್ರದ ತಂತಿ 50 ಡಿಗ್ರಿ ಬಿಸಿಯಾದರೆ ಅದರ ರೆಸಿಸ್ಟೆನ್ಸ್ ಸುಮಾರು ಶೇ 20ರಷ್ಟು ಏರುತ್ತದೆ. ಸೈಲೆನ್ಸರ್ ಪೈಪಿನ ಪಕ್ಕದಲ್ಲೇ ಕೂತ ಮೋಟರಿಗೆ ಇದು ದೊಡ್ಡ ಪೆಟ್ಟು. ಎಲ್ಲಾ ಸರಿಯಿದ್ದರೆ ಅದನ್ನು ತಡೆದುಕೊಳ್ಳುತ್ತದೆ. ಎಲ್ಲೋ ಒಂದು ಕಡೆ ಜಂಗು ಹಿಡಿದಿದ್ದರೆ, ತಣ್ಣಗಿರುವಾಗ ಹೇಗೋ ನಡೆದದ್ದು ಬಿಸಿಯಲ್ಲಿ ನಿಂತುಬಿಡುತ್ತದೆ.

ಒಂದು ಡಿಜಿಟಲ್ ಮಲ್ಟಿಮೀಟರ್ ಮತ್ತು ಕೀ ತಿರುಗಿಸಲು ಒಬ್ಬರು ಜೊತೆಗಿದ್ದರೆ ಸಾಕು. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಇಂಜಿನ್ ಸ್ಟಾರ್ಟ್ ಆಗದಂತೆ, ಕಿಡಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್‌ಗೆ ಸ್ವಿಚ್ಚಿನಿಂದ ಬರುವ ವೈರ್ ಕಳಚಿ, ತುದಿ ಎಲ್ಲೂ ತಾಗದ ಹಾಗೆ ಟೇಪ್ ಸುತ್ತಿ. ಈಗ ಬಿಸಿ ಇಂಜಿನ್ನಿಗೇ ಸೆಲ್ಫ್ ಹೊಡೆಯಿರಿ. ಸರಾಗವಾಗಿ ತಿರುಗಿತಾ? ಹಾಗಾದರೆ ಇಗ್ನಿಷನ್ ಟೈಮಿಂಗ್ ಮುಂದಕ್ಕೆ ಹೋಗಿರಬಹುದು. ಕಿಡಿ ಬೇಗ ಹಾರಿ ಪಿಸ್ಟನ್ ಹಿಂದಕ್ಕೆ ಒದೆಯುತ್ತದೆ, ನಾವು ಸುಮ್ನೆ ಮೋಟರನ್ನು ಬೈಯುತ್ತೇವೆ.

ಆಗಲೂ ನಿಧಾನವೇ ಇದ್ದರೆ ಬ್ಯಾಟರಿ ನೋಡಿ. ಸುಮ್ಮನಿರುವಾಗ 12.6 ವೋಲ್ಟ್ ಇರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಹೊಸ ಬ್ಯಾಟರಿಯಾದರೂ ಚಾರ್ಜ್ ಕಮ್ಮಿ ಇರಬಹುದು, ಅಲ್ವಾ?

ಮುಂದಿನದು ಅರ್ತ್, ಅಂದರೆ ಇಂಜಿನ್ ಮತ್ತು ಬಾಡಿಯ ಲೋಹದ ಮೂಲಕ ಕರೆಂಟ್ ಬ್ಯಾಟರಿಗೆ ಸೇರುವ ದಾರಿ. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಮೀಟರಿನ ಒಂದು ತುದಿ ಬ್ಯಾಟರಿಯ ಅರ್ತ್ ಕಂಬದ ಮೇಲಿರಲಿ, ಕ್ಲಾಂಪ್ ಮೇಲಲ್ಲ. ಇನ್ನೊಂದು ತುದಿ ಇಂಜಿನ್ನಿನ ಬರೀ ಲೋಹದ ಮೇಲೆ. ಸೆಲ್ಫ್ ಹೊಡೆಯುವಾಗ 0.3 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತ್ ಸರಿಯಿಲ್ಲ. ಇಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಇಂಜಿನ್ನಿನಿಂದ ಬಾಡಿಗೆ ಬರುವ ಹೆಣೆದ ಪಟ್ಟಿಯೇ ಕರೆಂಟಿಗೆ ದಾರಿ. ಬಾಡಿಗೆ ಹೊಸ ಪೇಂಟ್ ಹೊಡೆಸಿದ ಕಾರಾದರೆ ಆ ಪಟ್ಟಿಯ ಕೆಳಗೂ ಪೇಂಟ್ ಕೂತಿರುತ್ತದೆ. ಆಗ ಕರೆಂಟ್ ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್‌ ಮೂಲಕ ನುಗ್ಗುತ್ತದೆ. ಆ ಕೇಬಲ್‌ಗಳು ಬಿಸಿಯಾಗುತ್ತಿದ್ದರೆ ಮೀಟರೇ ಬೇಡ, ಕಾರಣ ಸಿಕ್ಕಿತು. ಪಟ್ಟಿ ಬಿಚ್ಚಿ, ಎಮರಿ ಪೇಪರಿನಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಕೂರಿಸಿ.

ಇನ್ನೊಂದು ಬದಿಯನ್ನೂ ಹೀಗೇ ನೋಡಿ: ಬ್ಯಾಟರಿಯ ಇನ್ನೊಂದು ಕಂಬದಿಂದ ಮೋಟರಿನ ದಪ್ಪ ಟರ್ಮಿನಲ್‌ವರೆಗೆ. ಇಲ್ಲಿ 0.5 ವೋಲ್ಟ್ ಮಿತಿ. ಸೆಲ್ಫ್ ಹೊಡೆಯದೇ ಇರುವಾಗ ಮೀಟರ್ 12 ತೋರಿಸುತ್ತದೆ, ಗಾಬರಿ ಬೇಡ. ಹೊಡೆಯುವಾಗಿನ ಅಂಕಿಯಷ್ಟೇ ಲೆಕ್ಕ. ಮಿತಿ ಮೀರಿದರೆ, ಕೀ ತಿರುಗಿಸಿದಾಗ ಮೋಟರಿಗೆ ಕರೆಂಟ್ ಬಿಡುವ ಸ್ವಿಚ್ಚಾದ ಸೊಲೆನಾಯ್ಡ್‌ನ ಎರಡು ದಪ್ಪ ಟರ್ಮಿನಲ್ ನಡುವೆ ಅಳೆಯಿರಿ. 'ಟಕ್' ಅಂದು ಸುಮ್ಮನಾಗುವ ಗಾಡಿಗಳಲ್ಲಿ ಒಳಗಿನ ಕಾಂಟ್ಯಾಕ್ಟ್ ಸುಟ್ಟಿರುವುದು ಮಾಮೂಲು. ಆ ಕಾಲದ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಅರ್ತ್ (ಬ್ಯಾಟರಿಯ ಪ್ಲಸ್ ಕಂಬವೇ ಬಾಡಿಗೆ ಸೇರಿರುವುದು) ಇರುತ್ತಿತ್ತು, ಅದನ್ನು ಮೊದಲೇ ನೋಡಿಕೊಳ್ಳಿ.

ಎರಡೂ ಬದಿ ಸರಿಯಿದ್ದು, ಮೋಟರಿಗೆ 10 ವೋಲ್ಟ್ ತಲುಪಿದರೂ ತೆವಳುತ್ತಿದ್ದರೆ ಆಗ ಬಿಚ್ಚಿ. ಕಾರ್ಬನ್ ಬ್ರಷ್ ಸವೆದಿದೆಯಾ, ಬ್ರಷ್ ಒರಗುವ ತಾಮ್ರದ ಕಮ್ಯುಟೇಟರ್ ಕಪ್ಪಾಗಿದೆಯಾ ನೋಡಿ. ಬುಷ್ (ಶಾಫ್ಟ್ ಹಿಡಿಯುವ ಬಳೆ) ಸವೆದಿದ್ದರೆ ಆರ್ಮೇಚರ್ (ಮೋಟರಿನೊಳಗೆ ತಿರುಗುವ ಭಾಗ) ಪಕ್ಕಕ್ಕೆ ಉಜ್ಜುತ್ತಾ ಕರೆಂಟ್ ನುಂಗುತ್ತದೆ. ಹೊಸ ಕಂಚಿನ ಬುಷ್ ಹಾಕುವ ಮುಂಚೆ ಇಂಜಿನ್ ಆಯಿಲ್‌ನಲ್ಲಿ 24 ಗಂಟೆ ನೆನೆಸಿಡಿ.

ಪರೀಕ್ಷೆ ಮಾಡುವಾಗ ಒಂದೊಂದು ಸಲಕ್ಕೆ 5 ಸೆಕೆಂಡ್ ಹೊಡೆದರೆ ಸಾಕು. ಮಧ್ಯೆ ಮೋಟರಿಗೆ ಒಂದು ನಿಮಿಷ ಬಿಡುವು ಕೊಡಿ.

ಪ್ರಶ್ನೆ: ನನ್ನ ಹಳೇ ಕಾರಿನಲ್ಲಿ ಮೋಟರ್ 'ಗುಂಯ್' ಎಂದು ಜೋರಾಗಿ ತಿರುಗುತ್ತದೆ, ಇಂಜಿನ್ ಮಾತ್ರ ಅಲ್ಲಾಡುವುದಿಲ್ಲ. ಗ್ರೀಸ್ ಹಚ್ಚಲೇ?

ಉತ್ತರ: ದಯವಿಟ್ಟು ಹಚ್ಚಬೇಡಿ. ಬೆಂಡಿಕ್ಸ್ (ಮೋಟರ್ ತಿರುಗಿದಾಗ ಗೇರನ್ನು ಮುಂದಕ್ಕೆ ಜಾರಿಸುವ ಕಟ್ಟು) ಇರುವ ಮೋಟರಿನಲ್ಲಿ ಪಿನಿಯನ್ ಎಂಬ ಸಣ್ಣ ಗೇರ್ ತಾನಾಗಿ ಜಾರಿ ಫ್ಲೈವೀಲ್ ಹಲ್ಲಿಗೆ ಸೇರಬೇಕು. ಗ್ರೀಸ್ ಹಚ್ಚಿದರೆ ಕ್ಲಚ್ಚಿನ ಧೂಳು ಅಂಟಿ, ಅದು ಅಲ್ಲೇ ಕಚ್ಚಿಕೊಳ್ಳುತ್ತದೆ. ಮೋಟರ್ ಹೊರತೆಗೆದು ಬೆಂಡಿಕ್ಸ್ ಭಾಗವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಪೂರ್ತಿ ಒಣಗಿಸಿ, ಹಾಗೇ ಕೂರಿಸಿ. ಹೊರತೆಗೆದಾಗ ಆ ಕಿಂಡಿಯಲ್ಲಿ ಟಾರ್ಚ್ ಬಿಟ್ಟು, ಇಂಜಿನ್ನನ್ನು ಕೈಯಿಂದ ತಿರುಗಿಸುತ್ತಾ ಫ್ಲೈವೀಲ್ ಹಲ್ಲುಗಳನ್ನೂ ನೋಡಿಬಿಡಿ. ನಾಲ್ಕು ಸಿಲಿಂಡರ್ ಇಂಜಿನ್ ಸಾಮಾನ್ಯವಾಗಿ ಎರಡೇ ಜಾಗದಲ್ಲಿ ನಿಲ್ಲುವುದರಿಂದ ಹಲ್ಲು ಸವೆಯುವುದೂ ಅಲ್ಲೇ.